ಅಂತರಜಾಲದಲ್ಲಿ ಹುಡುಕುವುದು ಹೇಗೆ? ಸಾಮಾನ್ಯ ಮಾಹಿತಿಗೂ ಆರೋಗ್ಯ ಮಾಹಿತಿಗೂ ಸರ್ಚ್ ಇಂಜಿನ್

ಅಂತರಜಾಲದಲ್ಲಿರುವ ಕೋಟ್ಯಂತರ ಪುಟಗಳಲ್ಲಿ ನಮಗೆ ಬೇಕಾದುದನ್ನು ಹುಡುಕಿ ಕೊಡುವ ಸೌಲಭ್ಯಕ್ಕೆ ಸರ್ಚ್ ಇಂಜಿನ್ ಅಥವಾ ಶೋಧಕ ಯಂತ್ರ ಎಂದು ಹೆಸರು. ನಮ್ಮ ಧರ್ಮಕೇಂದ್ರಗಳಲ್ಲಿ ಇದನ್ನು ಬಳಸದವರು ಈಗ ವಿರಳ. ಚರ್ಚಿನ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಹಳೆಯ ದಾಖಲೆ ಹುಡುಕುವವರು, ಆರೋಗ್ಯ ಶಿಬಿರದ ಕರಪತ್ರ ಬರೆಯುವವರು, ಅಪ್ಪನ ಲ್ಯಾಬ್ ರಿಪೋರ್ಟು ಕೈಗೆ ಬಂದ ಕೂಡಲೇ ಮೊಬೈಲ್ ತೆರೆಯುವವರು ಎಲ್ಲರೂ ಒಂದೇ ಪೆಟ್ಟಿಗೆಯಲ್ಲಿ ಪದ ಟೈಪ್ ಮಾಡುತ್ತಾರೆ. ಸ್ಮರಣ ಸಂಚಿಕೆಯಲ್ಲಿ ಇಸವಿ ತಪ್ಪಿದರೆ ಮುಂದಿನ ಸಂಚಿಕೆಯಲ್ಲಿ ತಿದ್ದಬಹುದು. ರೋಗದ ವಿಷಯದಲ್ಲಿ ಹಾಗಲ್ಲ. ಆದ್ದರಿಂದ ಈ ಲೇಖನದಲ್ಲಿ ಸಾಮಾನ್ಯ ಹುಡುಕಾಟಕ್ಕಿಂತ ಆರೋಗ್ಯದ ಹುಡುಕಾಟಕ್ಕೆ ನಾವು ಹೆಚ್ಚು ಜಾಗ ಕೊಟ್ಟಿದ್ದೇವೆ.

ಯಂತ್ರದ ಕೆಲಸ

ನಾವು ಪದ ಕೊಟ್ಟಾಗ ಸರ್ಚ್ ಇಂಜಿನ್ ಆ ಕ್ಷಣದಲ್ಲಿ ಲೋಕವೆಲ್ಲ ಸುತ್ತಿ ಬರುವುದಿಲ್ಲ. ಅದರ ತಂತ್ರಾಂಶವು ಮೊದಲೇ ಪುಟದಿಂದ ಪುಟಕ್ಕೆ ಕೊಂಡಿ ಹಿಡಿದು ಹೋಗಿ, ಓದಿದ್ದನ್ನೆಲ್ಲ ಒಂದು ದೊಡ್ಡ ಸೂಚಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಅದೇ ರೀತಿ. ನಮಗೆ ಉತ್ತರ ಬರುವುದು ಆ ಸೂಚಿಯಿಂದ. ಸೂಚಿಯಲ್ಲಿ ಇಲ್ಲದ ಪುಟ ಎಷ್ಟೇ ಒಳ್ಳೆಯದಿದ್ದರೂ ನಮಗೆ ಕಾಣುವುದಿಲ್ಲ.

1994ರಲ್ಲಿ ಆರಂಭವಾದ ಯಾಹೂ ಮೊದಲಿಗೆ ಮನುಷ್ಯರೇ ವಿಂಗಡಿಸಿದ ತಾಣಗಳ ಪಟ್ಟಿಯಾಗಿತ್ತು. 1995ರಲ್ಲಿ ಬಂದ ಆಲ್ಟಾವಿಸ್ಟಾ ಪುಟಗಳ ಒಳಗಿನ ಪದಗಳನ್ನು ಹುಡುಕುತ್ತಿತ್ತು. ಅದು 2013ರಲ್ಲಿ ಮುಚ್ಚಿತು. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗಿ ಬ್ರಿನ್ ಕಟ್ಟಿದ ಗೂಗಲ್, ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು, ಎಂಥ ಪುಟಗಳು ಕೊಂಡಿ ಕೊಟ್ಟಿವೆ ಎಂಬುದನ್ನು ಲೆಕ್ಕ ಹಾಕಿ ಮೇಲೆ ಕೆಳಗೆ ಜೋಡಿಸಿತು. ಇಂದು ಈ ಜೋಡಣೆಗೆ ನಮ್ಮ ಊರು, ಭಾಷೆ, ಹಿಂದಿನ ಹುಡುಕಾಟ ಹೀಗೆ ಬೇರೆ ಸಂಗತಿಗಳೂ ಸೇರಿವೆ. ಮೇಲೆ ಬಂದ ಪುಟ ಹೆಚ್ಚು ಜನ ನೆಚ್ಚಿದ ಪುಟ ಇರಬಹುದು. ಅದು ಸತ್ಯವೆಂದು ಯಾರೂ ಮುದ್ರೆ ಒತ್ತಿರುವುದಿಲ್ಲ. ಎಲ್ಲಕ್ಕಿಂತ ಮೇಲೆ ‘ಪ್ರಾಯೋಜಿತ’ ಎಂಬ ಸಣ್ಣ ಪದದೊಂದಿಗೆ ಬರುವವು ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳು. ಬಂಜೆತನ, ಮೂಲವ್ಯಾಧಿ, ಮೂತ್ರಪಿಂಡದ ಕಲ್ಲು ಇಂತಹ ಪದಗಳನ್ನು ಹುಡುಕುವವರು ಆ ಸಣ್ಣ ಪದವನ್ನು ನೋಡದೆ ಮುಂದೆ ಹೋಗಬಾರದು.

ಯಾವುದನ್ನು ಬಳಸುವುದು?

ದಿನನಿತ್ಯದ ಕೆಲಸಕ್ಕೆ ಗೂಗಲ್ ಸಾಕು. ಕನ್ನಡ ಪುಟಗಳನ್ನು ಹುಡುಕಲು ನಮ್ಮ ಅನುಭವದಲ್ಲಿ ಅದೇ ಮುಂದಿದೆ. 2017ರಿಂದ ಕನ್ನಡದಲ್ಲಿ ಮಾತನಾಡಿಯೇ ಹುಡುಕಬಹುದು, ಟೈಪಿಂಗ್ ಬಾರದ ಹಿರಿಯರಿಗೆ ಇದು ದೊಡ್ಡ ಉಪಕಾರ. ಎರಡನೆಯ ಅಭಿಪ್ರಾಯ ಬೇಕಾದಾಗ ಬೇರೆ ಇಂಜಿನ್‌ಗೆ ಹೋಗುವುದು ಒಳ್ಳೆಯ ಅಭ್ಯಾಸ. ಆದರೆ ಹೆಸರು ಬದಲಾದರೆ ಸೂಚಿಯೂ ಬದಲಾಯಿತು ಎಂದು ತಿಳಿಯಬಾರದು. ಮೈಕ್ರೋಸಾಫ್ಟ್ 2009ರಲ್ಲಿ ಆರಂಭಿಸಿದ ಬಿಂಗ್‌ಗೆ ಸ್ವಂತ ಸೂಚಿ ಇದೆ. ಯಾಹೂ ತನ್ನ ಫಲಿತಾಂಶವನ್ನು ಹಲವು ವರ್ಷಗಳಿಂದ ಬಿಂಗ್‌ನಿಂದಲೇ ಪಡೆಯುತ್ತಿದೆ. ಬಳಕೆದಾರರ ಗುಟ್ಟು ಕಾಯುವುದಾಗಿ ಹೇಳುವ ಡಕ್‌ಡಕ್‌ಗೋ ಕೂಡ ಬಹುಪಾಲು ಬಿಂಗ್‌ನ ಮೇಲೆ ಅವಲಂಬಿಸಿದೆ. 2021ರಲ್ಲಿ ಬಂದ ಬ್ರೇವ್ ಸರ್ಚ್‌ಗೆ ತನ್ನದೇ ಸೂಚಿ ಇದೆ. ಹಾಗಾಗಿ ಬಿಂಗ್, ಯಾಹೂ, ಡಕ್‌ಡಕ್‌ಗೋ ಮೂರರಲ್ಲೂ ಒಂದೇ ಉತ್ತರ ಬಂತೆಂದು ಮೂರು ಸಾಕ್ಷಿ ಸಿಕ್ಕಂತೆ ಅಲ್ಲ.

ಹುಡುಕುವ ಪದ

ನಾವು ನೋಡಿದಂತೆ ಹೆಚ್ಚಿನವರ ತೊಂದರೆ ಇಂಜಿನ್‌ನ ಆಯ್ಕೆಯಲ್ಲಿಲ್ಲ, ಪದದ ಆಯ್ಕೆಯಲ್ಲಿದೆ. ಚರ್ಚಿನ ಚರಿತ್ರೆ ಹುಡುಕುವವರ ಉದಾಹರಣೆ ನೋಡಿ. ನಮ್ಮ ಊರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಮ್ಯಾಂಗಲೋರ್‌ನಿಂದ ಮಂಗಳೂರು ಆಯಿತು. ಹಳೆಯ ದಾಖಲೆಗಳೆಲ್ಲ ಮ್ಯಾಂಗಲೋರ್ ಎಂಬ ಹೆಸರಿನಲ್ಲಿವೆ. ಜಿಲ್ಲೆಯ ಹೆಸರು ಬ್ರಿಟಿಷರ ಕಾಲದ ಪುಸ್ತಕಗಳಲ್ಲಿ ಸೌತ್ ಕೆನರಾ ಎಂದಿದೆ, ಅದರ ಕಾಗುಣಿತವೂ ಒಂದೊಂದು ಕಡೆ ಒಂದೊಂದು ರೀತಿ. ಉಡುಪಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 2012ರಲ್ಲಿ. ಅದಕ್ಕೂ ಹಿಂದಿನ ಕುಂದಾಪುರ, ಕಾರ್ಕಳ ಕಡೆಯ ಚರ್ಚುಗಳ ವಿವರ ಮಂಗಳೂರು ಧರ್ಮಪ್ರಾಂತ್ಯದ ಹೆಸರಿನಡಿ ಸಿಗುತ್ತದೆ. ಒಂದೇ ಕಾಗುಣಿತದಲ್ಲಿ ಹುಡುಕಿ ‘ಏನೂ ಇಲ್ಲ’ ಎಂದು ಎದ್ದು ಹೋದರೆ ಅರ್ಧ ಕಪಾಟು ತೆರೆಯದೇ ಉಳಿಯುತ್ತದೆ.

ನಾಲ್ಕು ಸಣ್ಣ ಉಪಾಯಗಳಿವೆ. ಪದಗಳ ಸುತ್ತ ಜೋಡಿ ಉದ್ಧರಣ ಚಿಹ್ನೆ ಹಾಕಿದರೆ ಅದೇ ಕ್ರಮದ ಪದಗಳಿರುವ ಪುಟಗಳು ಸಿಗುತ್ತವೆ. ವ್ಯಕ್ತಿಯ ಪೂರ್ತಿ ಹೆಸರಿಗೆ ಇದು ಬೇಕೇ ಬೇಕು. ಬೇಡವಾದ ಪದದ ಹಿಂದೆ, ಜಾಗ ಬಿಡದೆ, ಮೈನಸ್ ಗುರುತು ಹಾಕಿದರೆ ಆ ಪದವಿರುವ ಪುಟಗಳು ಬಿಟ್ಟುಹೋಗುತ್ತವೆ. ಇಂಗ್ಲಿಷಿನಲ್ಲಿ ಸೈಟ್ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ತಾಣದ ವಿಳಾಸ ಬರೆದರೆ ಆ ಒಂದು ತಾಣದೊಳಗೆ ಮಾತ್ರ ಹುಡುಕಾಟ ನಡೆಯುತ್ತದೆ. ವ್ಯಾಟಿಕನ್ನಿನ ತಾಣದಲ್ಲಿ ಪೋಪರ ಪತ್ರವೊಂದರ ಸರಿಯಾದ ಪಾಠ ಬೇಕಾದ ಉಪದೇಶಿಗಳು ಹೀಗೆ ಮಾಡಿದರೆ ವಾಟ್ಸಾಪ್‌ನಲ್ಲಿ ಓಡಾಡುವ ಕಲ್ಪಿತ ಉಕ್ತಿಗಳಿಂದ ಪಾರಾಗಬಹುದು. ಹಾಗೆಯೇ ಫೈಲ್‌ಟೈಪ್ ಎಂದು ಬರೆದು ಕೋಲನ್ ಮತ್ತು ಪಿಡಿಎಫ್ ಸೇರಿಸಿದರೆ ವರದಿಗಳು, ಸುತ್ತೋಲೆಗಳು ಮುಂದೆ ಬರುತ್ತವೆ.

ಹಳೆಯ ಪುಸ್ತಕಗಳಿಗೆ 1996ರಲ್ಲಿ ಆರಂಭವಾದ ಇಂಟರ್ನೆಟ್ ಆರ್ಕೈವ್ ಒಂದು ಭಂಡಾರ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಮುದ್ರಿಸಿದ ಕನ್ನಡ, ತುಳು ಪುಸ್ತಕಗಳ ಪುಟಗಳು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಸಂಗ್ರಹದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಗೂಗಲ್‌ನ ಪೆಟ್ಟಿಗೆಯಲ್ಲಿ ಮಾತ್ರ ಹುಡುಕಿದವರಿಗೆ ಇವು ಸುಲಭವಾಗಿ ಸಿಗಲಾರವು. ಆ ತಾಣಕ್ಕೇ ಹೋಗಿ ಅಲ್ಲಿನ ಪೆಟ್ಟಿಗೆಯಲ್ಲಿ ಹುಡುಕಬೇಕು.

ಇಲ್ಲೊಂದು ಮಾತು ನಮ್ಮ ಚರ್ಚ್ ಕಚೇರಿಗಳಿಗೆ. ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಯೂನಿಕೋಡ್ ಇಲ್ಲದ ಹಳೆಯ ಕ್ರಮದಲ್ಲಿ ಟೈಪ್ ಮಾಡಿದ ಕನ್ನಡ, ಕಣ್ಣಿಗೆ ಕನ್ನಡವಾದರೂ ಗಣಕಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಕಲಸು. ಯಾವ ಸರ್ಚ್ ಇಂಜಿನ್ನೂ ಅದನ್ನು ಕನ್ನಡವೆಂದು ಓದಲಾರದು. ನಮ್ಮ ಎಷ್ಟೋ ಧರ್ಮಕೇಂದ್ರಗಳ ಹಳೆಯ ಪತ್ರಿಕೆಗಳು ಅಂತರಜಾಲದಲ್ಲಿ ಇದ್ದೂ ಇಲ್ಲದಂತಿರುವುದಕ್ಕೆ ಇದೇ ಕಾರಣ. ಹೊಸ ಸಂಚಿಕೆಗಳನ್ನು ಯೂನಿಕೋಡ್‌ನಲ್ಲಿ ಉಳಿಸಿದರೆ ಮುಂದಿನವರಿಗೆ ಸಿಗುತ್ತವೆ.

ರೋಗದ ಹೆಸರು: ಸರ್ಪಸುತ್ತಿನ ಉದಾಹರಣೆ

ಇನ್ನು ಆರೋಗ್ಯ. ಎದೆನೋವು, ಮುಖ ಒಂದು ಕಡೆ ವಾಲುವುದು, ಮಾತು ತೊದಲುವುದು, ಉಸಿರಾಟದ ಕಷ್ಟ ಇವುಗಳಿಗೆ ಹುಡುಕಾಟ ಬೇಡ; 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಬೇಕು. ಸಮಯ ಇರುವ ಸಂಗತಿಗಳಿಗೆ ಮಾತ್ರ ಮುಂದಿನ ಮಾತು.

ನಮ್ಮ ಕರಾವಳಿಯಲ್ಲಿ ಸರ್ಪಸುತ್ತು ಎಂದರೆ ತಿಳಿಯದವರಿಲ್ಲ. ಮೈಯ ಒಂದು ಬದಿಯಲ್ಲಿ ಪಟ್ಟಿಯಂತೆ ಗುಳ್ಳೆಗಳೆದ್ದು ಉರಿಯುತ್ತದೆ. ಸುತ್ತು ಪೂರ್ತಿಯಾಗಿ ತಲೆ ಬಾಲ ಸೇರಿದರೆ ಜೀವಕ್ಕೆ ಅಪಾಯ ಎಂಬ ಹೆದರಿಕೆ ಹಿಂದಿನಿಂದ ಬಂದದ್ದು. ಈ ಪದವನ್ನು ಕನ್ನಡದಲ್ಲೇ ಹುಡುಕಿದವರಿಗೆ ಸೊಪ್ಪಿನ ರಸ, ಮಣ್ಣಿನ ಲೇಪ, ಮನೆಮದ್ದಿನ ವೀಡಿಯೊಗಳು ಸಾಲುಗಟ್ಟಿ ಬರುತ್ತವೆ. ಇದೇ ರೋಗಕ್ಕೆ ವೈದ್ಯರ ಹೆಸರು ಹರ್ಪಿಸ್ ಜೋಸ್ಟರ್, ಇಂಗ್ಲಿಷ್ ಆಡುಮಾತಿನಲ್ಲಿ ಶಿಂಗಲ್ಸ್. ಆ ಹೆಸರಿನಿಂದ ಹುಡುಕಿದರೆ ಬೇರೆಯೇ ಲೋಕ ತೆರೆಯುತ್ತದೆ. ಸೀತಾಳೆ ಸಿಡುಬು ಅಂದರೆ ಚಿಕನ್‌ಪಾಕ್ಸ್ ತರುವ ವೈರಸ್ ನರದ ಬುಡದಲ್ಲಿ ವರ್ಷಾನುಗಟ್ಟಲೆ ಅಡಗಿದ್ದು ಮತ್ತೆ ಏಳುವುದೇ ಈ ರೋಗ. ಅದು ಒಂದು ನರದ ದಾರಿ ಹಿಡಿಯುವುದರಿಂದ ಸಾಮಾನ್ಯವಾಗಿ ಮೈಯ ಒಂದೇ ಬದಿಯಲ್ಲಿ ನಿಲ್ಲುತ್ತದೆ. ಹಾವು ಸುತ್ತುವ ಮಾತಿಗೆ ಅಲ್ಲಿ ಆಧಾರವಿಲ್ಲ. ಮುಖ್ಯ ಸಂಗತಿ ಏನೆಂದರೆ, ವೈರಸ್ ವಿರುದ್ಧದ ಮಾತ್ರೆಗಳು ಗುಳ್ಳೆ ಎದ್ದ 72 ಗಂಟೆಗಳೊಳಗೆ ಆರಂಭವಾದರೆ ಹೆಚ್ಚು ಫಲ ಕೊಡುತ್ತವೆ. ಕಣ್ಣಿನ ಸುತ್ತ ಎದ್ದರೆ ದೃಷ್ಟಿಗೇ ಅಪಾಯ, ಅದೇ ದಿನ ವೈದ್ಯರನ್ನು ಕಾಣಬೇಕು. ಗುಳ್ಳೆ ಮಾಸಿದ ಮೇಲೂ ತಿಂಗಳುಗಟ್ಟಲೆ ಉಳಿಯುವ ನರದ ನೋವು ವಯಸ್ಸಾದವರನ್ನು ಹೆಚ್ಚು ಕಾಡುತ್ತದೆ. ಐವತ್ತು ದಾಟಿದವರಿಗೆ ಇದನ್ನು ತಡೆಯುವ ಲಸಿಕೆ 2023ರಿಂದ ಭಾರತದಲ್ಲೂ ಸಿಗುತ್ತಿದೆ. ಮೂರು ದಿನ ಮನೆಮದ್ದಿನ ವೀಡಿಯೊ ನೋಡುತ್ತಾ ಕಳೆದವರು ಕಳೆದುಕೊಳ್ಳುವುದು ಆ 72 ಗಂಟೆಗಳನ್ನೇ.

ಆದ್ದರಿಂದ ಮೊದಲ ಕೆಲಸ ರೋಗದ ವೈದ್ಯಕೀಯ ಹೆಸರು ತಿಳಿಯುವುದು. ವೈದ್ಯರ ಚೀಟಿಯಲ್ಲಿ ಓದಲಾಗದಿದ್ದರೆ ಕೇಳಿ ಬರೆಸಿಕೊಳ್ಳಿ, ಸಂಕೋಚ ಬೇಡ. ಹೆಸರು ಹತ್ತಿರವಿದ್ದರೂ ರೋಗ ಬೇರೆಯಾಗಿರಬಹುದು. ಮಂಗನ ಕಾಯಿಲೆ ಎಂದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣ್ಣಿ ಕಚ್ಚಿ ಬರುವ ಜ್ವರ. 1980ರ ದಶಕದಲ್ಲಿ ಬೆಳ್ತಂಗಡಿಯ ಕಾಡಂಚಿನ ಜನರನ್ನೂ ಅದು ಕಾಡಿತ್ತು. 2022ರಲ್ಲಿ ಹಲವು ದೇಶಗಳಿಗೆ ಹರಡಿದ ಮಂಕಿಪಾಕ್ಸ್ ಬೇರೆ ರೋಗ. ಅದೇ ವರ್ಷದ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಎಂಪಾಕ್ಸ್ ಎಂದು ಹೊಸ ಹೆಸರಿಟ್ಟಿತು. ಕನ್ನಡದಲ್ಲಿ ‘ಮಂಗ’ ಎಂದು ಹುಡುಕಿದರೆ ಎರಡರ ಸುದ್ದಿಯೂ ಬೆರೆತು ಬರುತ್ತದೆ. ಪುಟದ ದಿನಾಂಕ ನೋಡುವುದೂ ಇಲ್ಲಿ ಮುಖ್ಯ. ಮಂಗನ ಕಾಯಿಲೆಗೆ ಲಸಿಕೆ ಹಾಕಿಸಿಕೊಳ್ಳಿ ಎನ್ನುವ ಹಳೆಯ ಪುಟಗಳು ಇನ್ನೂ ಉಳಿದಿವೆ. ಆ ಹಳೆಯ ಲಸಿಕೆಯ ಬಳಕೆ 2022ರ ಬಳಿಕ ರಾಜ್ಯದಲ್ಲಿ ನಿಂತಿದೆ.

ಮದ್ದಿನ ಹೆಸರು, ಲೆಕ್ಕದ ಅಳತೆ

ನಮ್ಮ ದೇಶದಲ್ಲಿ ಮಾತ್ರೆಯನ್ನು ಕಂಪೆನಿಯ ಹೆಸರಿನಿಂದ ಕರೆಯುತ್ತೇವೆ. ಡೋಲೊ, ಕ್ರೋಸಿನ್ ಎರಡರ ಒಳಗೂ ಇರುವುದು ಪ್ಯಾರಾಸಿಟಮಾಲ್. ಇದನ್ನು ತಿಳಿಯದೆ ಎರಡನ್ನೂ ಒಟ್ಟಿಗೆ ನುಂಗುವವರು ಇದ್ದಾರೆ, ಪ್ರಮಾಣ ಮೀರಿದರೆ ಪಿತ್ತಜನಕಾಂಗಕ್ಕೆ ಪೆಟ್ಟು. ಸ್ಟ್ರಿಪ್ಪಿನ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧದ ಹೆಸರನ್ನೇ ಹುಡುಕಬೇಕು. ಅಮೆರಿಕದ ಪುಟಗಳಲ್ಲಿ ಪ್ಯಾರಾಸಿಟಮಾಲ್‌ಗೆ ಅಸಿಟಾಮಿನೊಫೆನ್ ಎಂದೂ, ದಮ್ಮಿನ ಸಾಲ್ಬುಟಮಾಲ್‌ಗೆ ಆಲ್ಬುಟೆರಾಲ್ ಎಂದೂ ಹೆಸರು.

ಅಳತೆಯಲ್ಲೂ ಇದೇ ಗೊಂದಲ. ನಮ್ಮ ಲ್ಯಾಬುಗಳು ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಕೊಡುತ್ತವೆ. ಬ್ರಿಟನ್ನಿನ ತಾಣಗಳಲ್ಲಿ, ಆ ಕ್ರಮ ಅನುಸರಿಸುವ ವಿದೇಶದ ಲ್ಯಾಬುಗಳಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ ಎಂದಿರುತ್ತದೆ. ಅವರ ಸಂಖ್ಯೆಯನ್ನು 18ರಿಂದ ಗುಣಿಸಿದರೆ ನಮ್ಮದು ಬರುತ್ತದೆ. ಅಲ್ಲಿ 7 ಎಂದರೆ ಇಲ್ಲಿ 126. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಕಾಯಿಲೆ ಎಂದು ಲೆಕ್ಕ ಹಿಡಿಯುವುದು ಅಲ್ಲಿಂದ. ಗಲ್ಫಿನಲ್ಲಿರುವ ಮಗ ಫೋನಿನಲ್ಲಿ ‘ನನಗೆ ಬರೇ ಏಳು’ ಎಂದರೆ ಮನೆಯವರು ಸಮಾಧಾನಪಡುವ ಮೊದಲು ಅಳತೆ ಯಾವುದೆಂದು ಕೇಳಬೇಕು.

ಎಲ್ಲಿ ಓದುವುದು?

ಜನಸಾಮಾನ್ಯರ ಇಂಗ್ಲಿಷಿನಲ್ಲಿ ಬರೆದ, ಔಷಧ ಕಂಪೆನಿಗಳ ಜಾಹೀರಾತಿಲ್ಲದ ತಾಣಗಳಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಮೆಡ್‌ಲೈನ್‌ಪ್ಲಸ್ ಮತ್ತು ಬ್ರಿಟನ್ನಿನ ಎನ್‌ಎಚ್‌ಎಸ್ ಪುಟಗಳನ್ನು ನಾವು ಮೊದಲು ಹೇಳುತ್ತೇವೆ. ಆದರೆ ಮಲೇರಿಯಾ, ಇಲಿ ಜ್ವರ, ಡೆಂಗಿ, ಕ್ಷಯ ಇಂತಹ ನಮ್ಮ ನಡುವಿನ ರೋಗಗಳಿಗೆ ಚಳಿದೇಶದ ಪುಟಗಳು ಸಾಲವು. ಅವುಗಳಲ್ಲಿ ಇಲಿ ಜ್ವರ ಪ್ರವಾಸಿಗರ ರೋಗ. ನಮಗೆ ಅದು ಮಳೆಗಾಲದ ಗದ್ದೆಯ ರೋಗ. ಇವುಗಳಿಗೆ ವಿಶ್ವ ಆರೋಗ್ಯ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಜ್ಯದ ಆರೋಗ್ಯ ಇಲಾಖೆಯ ತಾಣಗಳನ್ನು ನೋಡಬೇಕು. ಹಿಂದೆ ಆರೋಗ್ಯ ತಾಣಗಳಿಗೆ ಜಿನೀವಾದ ಹೆಲ್ತ್ ಆನ್ ದ ನೆಟ್ ಎಂಬ ಸಂಸ್ಥೆ ಕೊಡುತ್ತಿದ್ದ ಮುದ್ರೆಯನ್ನು ನೋಡಿ ನಂಬಿ ಎಂದು ಹೇಳುವುದಿತ್ತು. ಆ ಸಂಸ್ಥೆ 2022ರಲ್ಲಿ ಕೆಲಸ ನಿಲ್ಲಿಸಿದೆ. ಈಗ ಯಾವ ಪುಟದಲ್ಲಾದರೂ ಆ ಮುದ್ರೆ ಕಂಡರೆ ಅದು ಹಳೆಯ ಬಣ್ಣ ಅಷ್ಟೇ.

ಆಳವಾಗಿ ಓದುವ ದಾದಿಯರು, ಶಿಕ್ಷಕರು, ಆರೋಗ್ಯ ಕಾರ್ಯಕರ್ತರಿಗೆ ಪಬ್‌ಮೆಡ್ ಇದೆ. 1990ರ ದಶಕದಿಂದ ಎಲ್ಲರಿಗೂ ಉಚಿತವಾಗಿ ತೆರೆದಿರುವ ಈ ಸೂಚಿಯಲ್ಲಿ ಮೂರು ಕೋಟಿಗೂ ಹೆಚ್ಚು ವೈದ್ಯಕೀಯ ಲೇಖನಗಳ ವಿವರಗಳಿವೆ. ಹೆಚ್ಚಿನವುಗಳ ಸಾರಾಂಶ ಓದಬಹುದು, ಕೆಲವು ಪೂರ್ತಿಯಾಗಿ ಸಿಗುತ್ತವೆ. ಪುಟದ ಬದಿಯಲ್ಲಿ ಜರಡಿಗಳಿವೆ: ಉಚಿತ ಪೂರ್ಣಪಾಠ, ಇತ್ತೀಚಿನ ಐದು ವರ್ಷ, ಲೇಖನದ ಬಗೆ ಹೀಗೆ. ‘ಸಿಸ್ಟಮ್ಯಾಟಿಕ್ ರಿವ್ಯೂ’ ಎಂಬುದನ್ನು ಒತ್ತಿದರೆ ಒಂದು ಪ್ರಶ್ನೆಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟು ತೂಗಿದ ಲೇಖನಗಳು ಬರುತ್ತವೆ. ಇಲಿಯ ಮೇಲೆ ಅಥವಾ ಗಾಜಿನ ತಟ್ಟೆಯ ಜೀವಕೋಶದ ಮೇಲೆ ನಡೆದ ಪ್ರಯೋಗವನ್ನು ಓದಿ ‘ಕ್ಯಾನ್ಸರಿಗೆ ಮದ್ದು ಸಿಕ್ಕಿತು’ ಎಂದು ವಾರ್ಡಿನ ಗುಂಪಿಗೆ ಕಳುಹಿಸುವವರು ಈ ಒಂದು ಗುಂಡಿ ಒತ್ತಿದರೆ ಸಾಕಿತ್ತು. ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಸೇರಿ ಎಂದು ಯಾರಾದರೂ ಕರೆದರೆ, ಅದು 2007ರಲ್ಲಿ ಆರಂಭವಾದ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ದಾಖಲಾಗಿದೆಯೇ ಎಂದು ಅಲ್ಲೇ ಹುಡುಕಿ ನೋಡಬಹುದು.

ಪಬ್‌ಮೆಡ್‌ನಲ್ಲಿ ಇದ್ದ ಮಾತ್ರಕ್ಕೆ ಸತ್ಯ ಎಂದೂ ಅಲ್ಲ. 1998ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆಂಡ್ರೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಕೇವಲ 12 ಮಕ್ಕಳ ವಿವರ ಕೊಟ್ಟು, ದಡಾರ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಭಯ ಹುಟ್ಟಿಸಿದರು. ಪತ್ರಿಕೆ ಅದನ್ನು 2010ರಲ್ಲಿ ಹಿಂದಕ್ಕೆ ಪಡೆಯಿತು. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗಲೂ ಲಸಿಕೆಯ ವಿರುದ್ಧ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡಿದವು. ಹಿಂದಕ್ಕೆ ಪಡೆದ ಲೇಖನದ ಮೇಲೆ ಪಬ್‌ಮೆಡ್ ಕೆಂಪು ಪಟ್ಟಿಯಲ್ಲಿ ಎಚ್ಚರಿಕೆ ತೋರಿಸುತ್ತದೆ. ಆ ಲೇಖನವನ್ನು ನಕಲು ಮಾಡಿದ ಬೇರೆ ಪುಟಗಳಲ್ಲಿ ಎಚ್ಚರಿಕೆ ಇರುವುದಿಲ್ಲ.

ಎಐ ಉತ್ತರಗಳು

2024ರಿಂದ ಭಾರತದಲ್ಲೂ ಗೂಗಲ್ ಹಲವು ಪ್ರಶ್ನೆಗಳಿಗೆ ಎಲ್ಲಕ್ಕಿಂತ ಮೇಲೆ ಎಐ ಬರೆದ ಸಾರಾಂಶ ತೋರಿಸುತ್ತಿದೆ. ಚಾಟ್‌ಜಿಪಿಟಿಯಂಥ ಸಾಧನಗಳನ್ನೇ ನೇರ ಕೇಳುವವರೂ ಹೆಚ್ಚುತ್ತಿದ್ದಾರೆ. ಕಷ್ಟದ ವರದಿಯನ್ನು ಸರಳ ಕನ್ನಡದಲ್ಲಿ ಬಿಡಿಸಿ ಹೇಳಿಸಿಕೊಳ್ಳಲು, ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಜೋಡಿಸಲು ಇವು ಉಪಯುಕ್ತ. ಆದರೆ ಇವು ತಪ್ಪನ್ನೂ ಅದೇ ನಯವಾದ ಧಾಟಿಯಲ್ಲಿ ಹೇಳುತ್ತವೆ, ಇಲ್ಲದ ಸಂಶೋಧನಾ ಲೇಖನದ ಹೆಸರನ್ನು ಲೇಖಕರ ಸಹಿತ ಕಟ್ಟಿ ಕೊಡುವುದೂ ಉಂಟು. ಕರಪತ್ರದಲ್ಲಿ ಹಾಕುವ ಮೊದಲು ಆ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಪಬ್‌ಮೆಡ್‌ನಲ್ಲಿ ಹುಡುಕಿ, ಸಿಗದಿದ್ದರೆ ಕೈಬಿಡಿ. ಮದ್ದಿನ ಪ್ರಮಾಣವನ್ನು, ಅದರಲ್ಲೂ ಮಕ್ಕಳ ಮತ್ತು ಗರ್ಭಿಣಿಯರ ಪ್ರಮಾಣವನ್ನು, ಎಐ ಉತ್ತರದಿಂದ ತೆಗೆದುಕೊಳ್ಳಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಫೋನ್ ನಂಬರು ಮತ್ತು ಗುಟ್ಟು

ಆಸ್ಪತ್ರೆಯ ಅಪಾಯಿಂಟ್‌ಮೆಂಟಿಗಾಗಿ ಫೋನ್ ನಂಬರು ಹುಡುಕಿ ಹಣ ಕಳೆದುಕೊಂಡ ಪ್ರಕರಣಗಳು ದೇಶದಾದ್ಯಂತ ವರದಿಯಾಗಿವೆ. ವಂಚಕರು ತಮ್ಮ ನಂಬರನ್ನು ಆಸ್ಪತ್ರೆ ಅಥವಾ ಬ್ಯಾಂಕಿನ ಹೆಸರಿನಲ್ಲಿ ಹಾಕಿಟ್ಟಿರುತ್ತಾರೆ. ಕರೆ ಮಾಡಿದವರಿಗೆ ‘ನೋಂದಣಿಗೆ ಹತ್ತು ರೂಪಾಯಿ’ ಎಂದು ಕೊಂಡಿ ಕಳುಹಿಸಿ ಖಾತೆ ಬರಿದು ಮಾಡುತ್ತಾರೆ. ನಂಬರನ್ನು ಆಸ್ಪತ್ರೆಯ ಹಳೆಯ ಚೀಟಿ, ಬಿಲ್ಲಿನಿಂದ ಇಲ್ಲವೇ ಅದರ ಸ್ವಂತ ತಾಣದಿಂದಲೇ ತೆಗೆದುಕೊಳ್ಳಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಹುಡುಕಿದ ಪದವೂ ಒಂದು ದಾಖಲೆ ಎಂಬುದನ್ನು ಹಲವರು ಮರೆಯುತ್ತಾರೆ. ಚರ್ಚ್ ಕಚೇರಿಯ ಅಥವಾ ಯುವ ಸಂಘಟನೆಯ ಕೋಣೆಯ ಕಂಪ್ಯೂಟರಿನಲ್ಲಿ ಒಬ್ಬರು ಎಚ್‌ಐವಿ ಎಂದೋ ಖಿನ್ನತೆ ಎಂದೋ ಹುಡುಕಿ ಹೋದರೆ, ಮುಂದೆ ಬಂದವರು ಮೊದಲ ಅಕ್ಷರ ಒತ್ತಿದಾಗ ಆ ಪದ ತಾನಾಗಿ ಕಾಣುತ್ತದೆ. ಸಣ್ಣ ಊರಿನಲ್ಲಿ ಅಷ್ಟರಿಂದಲೇ ಮಾತು ಹಬ್ಬುತ್ತದೆ. ಹಂಚಿಕೊಂಡ ಕಂಪ್ಯೂಟರಿನಲ್ಲಿ ಖಾಸಗಿ ಕಿಟಕಿ, ಅಂದರೆ ಇನ್‌ಕಾಗ್ನಿಟೊ ತೆರೆದು ಹುಡುಕಿ, ಮುಗಿದ ಮೇಲೆ ಅದನ್ನು ಮುಚ್ಚಬೇಕು. ಇದರಿಂದ ಆ ಕಂಪ್ಯೂಟರಿನಲ್ಲಿ ಹುಡುಕಾಟದ ಇತಿಹಾಸ ಉಳಿಯುವುದಿಲ್ಲ, ಆದರೆ ಸರ್ಚ್ ಕಂಪೆನಿಗೂ ಇಂಟರ್ನೆಟ್ ಕೊಡುವವರಿಗೂ ಹುಡುಕಾಟ ಮರೆಯಾಗುವುದಿಲ್ಲ. ಸ್ವಂತ ಮೊಬೈಲಿನಲ್ಲಿ ಗೂಗಲ್ ಖಾತೆಯ ‘ಮೈ ಆಕ್ಟಿವಿಟಿ’ ಎಂಬಲ್ಲಿ ಹಳೆಯ ಹುಡುಕಾಟಗಳನ್ನು ಅಳಿಸಬಹುದು, ಮೂರು ತಿಂಗಳಿಗೊಮ್ಮೆ ತಾನಾಗಿ ಅಳಿಯುವಂತೆಯೂ ಇಡಬಹುದು. ಕಚೇರಿಯ ಕಂಪ್ಯೂಟರನ್ನು ನೋಡಿಕೊಳ್ಳುವವರು ವಾರಕ್ಕೊಮ್ಮೆ ಬ್ರೌಸರಿನ ಇತಿಹಾಸ ಅಳಿಸಿಡುವುದು ಒಳ್ಳೆಯದು, ಯಾರು ಏನು ಹುಡುಕಿದರೆಂದು ಓದದೆ.